ಎಲುಬನ್ನು ಕಟ್ಟುವ ಜೀವಕಣಗಳು

ಯೆಹೆಜ್ಕೇಲನ ಕಣಿವೆಯ ಒಣ ಎಲುಬುಗಳ ಕಥೆಯನ್ನು ಚಿಕ್ಕಂದಿನಿಂದ ಕೇಳುತ್ತ ಬಂದುದರಿಂದಲೋ ಏನೋ, ಎಲುಬೆಂದರೆ ಕಲ್ಲಿನಂತಹ ನಿರ್ಜೀವ ವಸ್ತುವೆಂಬ ಭಾವನೆಯು ನಮ್ಮಲ್ಲಿ ಬೇರೂರಿರುವುದು. ನಿಜಸ್ಥಿತಿಯು ಹಾಗಲ್ಲ. ಹಳೆಯ ಎಲುಬನ್ನು ಕರಗಿಸುವ ಜೀವಕಣಗಳೂ ಹೊಸದನ್ನು ಕಟ್ಟುವ ಜೀವಕಣಗಳೂ ನಮ್ಮ ಶರೀರದಲ್ಲಿ ಆಜೀವಪರ್ಯಂತ ಕೆಲಸಮಾಡುತ್ತಿರುವುವು. ಕಟ್ಟುವ ಕಣಗಳಿಗೆ ಆಸ್ಟಿಯೋಬ್ಲಾಸ್ಟ್ ಎಂದು ಹೆಸರು. ಅವು ಮೊದಲು ಕೊಲ್ಲಾಜೆನ್ ಎಂಬ ನಾರಿನ ಹಂದರವನ್ನು ಹೆಣೆದು, ಬಳಿಕ ಅದರಲ್ಲಿ ಸುಣ್ಣ ಮತ್ತು ರಂಜಕದ ಲವಣವನ್ನು ಕೂಡಿಸುವುವು.

ಈ ವಿದ್ಯೆಯು ಅವಕ್ಕೆ ಮಾತ್ರ ಹೇಗೆ ಬಂದಿತು? ಚರ್ಮದ ಕಣದಲ್ಲಿಯೂ ಎಲುಬಿನ ಕಣದಲ್ಲಿಯೂ ಇರುವ ಜೀನುಗಳು ಒಂದೇ. ಆದರೆ ಒಂದೇ ಪುಸ್ತಕಭಂಡಾರದಲ್ಲಿ ಹೊಲಿಗೆಯ ತರಗತಿಯವರು ಒಂದು ಕಪಾಟನ್ನೂ ಸಂಗೀತದವರು ಇನ್ನೊಂದನ್ನೂ ತೆರೆಯುವಂತೆ, ಪ್ರತಿಯೊಂದು ಬಗೆಯ ಕಣವೂ ತನಗೆ ಬೇಕಾದ ಜೀನುಗಳನ್ನು ಮಾತ್ರ ಓದಿ, ಅವು ಹೇಳುವ ವಸ್ತುಗಳನ್ನು ತಯಾರಿಸುವುದು. ಇದಕ್ಕೆ ಜೀನುಗಳ ಅಭಿವ್ಯಕ್ತಿಯೆನ್ನುವರು.

ಎಲುಬಿನ ಕಪಾಟಿಗೆ ಬೀಗದಕೈಯಾಗಿರುವುದು ರಂಕ್ಸ್-2 ಎಂಬ ಜೀನು. 1997ರಲ್ಲಿ ಜಪಾನಿನ ತೊಶಿಹಿಸ ಕೊಮೊರಿಯವರೂ ಅವರ ಸಂಗಡಿಗರೂ ಈ ಜೀನು ಇಲ್ಲದ ಇಲಿಮರಿಗಳನ್ನು ಪರೀಕ್ಷಿಸಿದರು. ಮರಿಗಳಲ್ಲಿ ಮೃದ್ವಸ್ಥಿಯ ಅಸ್ಥಿಪಂಜರವೇನೋ ಇದ್ದಿತು; ಗಟ್ಟಿಯಾದ ಎಲುಬು ಮಾತ್ರ ಆಗಿರಲಿಲ್ಲ. ಅವು ಉಸಿರಾಡಲಾರದೆ ಹುಟ್ಟಿದ ಕೂಡಲೆ ಸತ್ತುವು. ಮನುಷ್ಯರಿಗೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಇದರ ಎರಡು ಪ್ರತಿಗಳುಂಟು. ಒಂದು ಕೆಟ್ಟಿದ್ದರೆ ಮಗುವಿನ ನೆತ್ತಿಯು ಬೇಗನೆ ಕೂಡುವುದಿಲ್ಲ. ಕೊರಳೆಲುಬುಗಳು ಕುಂದಿರುವುದರಿಂದ ಕೆಲವರು ತಮ್ಮ ಎರಡು ಭುಜಗಳನ್ನೂ ಎದೆಯ ಮುಂದೆ ತಂದು ಕೂಡಿಸಬಲ್ಲರು!

ಕಟ್ಟುವ ಕಣಗಳಲ್ಲಿ ಕೆಲವು ತಾವೇ ಕಟ್ಟಿದ ಎಲುಬಿನೊಳಗೆ ಹುದುಗಿ ಹೋಗುವುವು. ಹುದುಗಿದವು ಸುಮ್ಮನಿರುವುದಿಲ್ಲ, ಸ್ಕ್ಲೆರೋಸ್ಟಿನ್ ಎಂಬ ವಸ್ತುವನ್ನು ಹೊರಪಡಿಸಿ ಹೊರಗಿನ ಕೆಲಸಗಾರರನ್ನು ತಡೆಯುವುವು. ಈ ತಡೆಯೂ ಬೇಕಾದುದೇ. ಇದರ ಜೀನು ಕೆಟ್ಟಿರುವ ಕೆಲವು ಕುಟುಂಬಗಳು ದಕ್ಷಿಣ ಆಫ್ರಿಕದಲ್ಲಿರುವುವು. ಆ ರೋಗಿಗಳ ತಲೆಬುರುಡೆಯು ಅತಿಯಾಗಿ ದಪ್ಪವಾಗಿ ನರಗಳನ್ನು ಒತ್ತುವುದರಿಂದ ಕಿವುಡುತನವುಂಟಾಗುವುದು. ಆದರೆ ಓಡುವಾಗ, ಹಾರುವಾಗ ಎಲುಬಿನ ಮೇಲೆ ಭಾರ ಬಿದ್ದರೆ ಸ್ಕ್ಲೆರೋಸ್ಟಿನ್ನಿನ ಉತ್ಪತ್ತಿಯು ತಗ್ಗಿ, ಕಟ್ಟುವ ಕೆಲಸವು ಚುರುಕಾಗುವುದು.

ತಂದೆತಾಯಿಗಳು ದಯವಿಟ್ಟು ಇದನ್ನು ಗಮನಿಸಬೇಕು. ಮಗಳಿಗೆ ಹನ್ನೆರಡು ತುಂಬಿತು, ಇನ್ನು ಆಟದಿಂದ ಬಿಡಿಸಿರಿ ಎಂಬ ಪತ್ರಗಳು ನನಗೆ ಈಗಲೂ ಬರುತ್ತಿರುವುವು. ಕೆನಡಾದ ಮಕ್ಕಳನ್ನು ವರ್ಷವರ್ಷವೂ ಅಳೆದು ನೋಡಿದವರು, ಹುಡುಗಿಯರಲ್ಲಿ ಎಲುಬು ಅತಿ ವೇಗವಾಗಿ ಕೂಡುವುದು ಸುಮಾರು 12½ನೆಯ ವಯಸ್ಸಿನಲ್ಲಿಯೇ ಎಂದೂ, ಅದರ ಆಚೀಚಿನ ಎರಡು ವರ್ಷಗಳಲ್ಲಿ ಪ್ರಾಯದವರ ಎಲುಬಿನ ಲವಣದ ಕಾಲುಭಾಗದಷ್ಟು ಸಂಗ್ರಹವಾಗುವುದೆಂದೂ ಕಂಡಿರುವರು. ಮುಟ್ಟು ನಿಂತ ಮೇಲೆ ಕರಗಿಸುವ ಕಣಗಳ ಕೈ ಮೇಲಾಗುವುದು. ಆಗ ಖರ್ಚಾಗುವುದು ಈ ಗಂಟೇ. ಈಜುವುದು, ಸೈಕಲ್ ತುಳಿಯುವುದು ಹೃದಯಕ್ಕೆ ಒಳ್ಳೆಯವಾದರೂ ಎಲುಬಿಗೆ ಅವುಗಳಿಂದ ಲಾಭ ಕಡಿಮೆ. ನೆಲಕ್ಕೆ ಕಾಲೂರಿ ಹಾರುವ ಆಟಗಳೇ ಬೇಕು. ಕುಂಟೆಬಿಲ್ಲೆಯಾದರೆ ಒಂದು ಚೂರು ಹೆಂಚು ಸಾಕು.