ವಾಡೆಯಲ್ಲಿ ನಾಲ್ಕು ದಿನ

ಬೇಸಿಗೆ ರಜೆ ಬಂತೆಂದರೆ ನಮ್ಮ ಕಡೆ ನೌಕರಿ ಮಾಡುವ ಕುಟುಂಬಗಳು ಗೋವೆಯ ಕಡಲ ದಂಡೆಗೋ ಊಟಿಗೋ ಹೊರಡುತ್ತವೆ. ಹೋಗಬಾರದೆಂದಲ್ಲ. ಆದರೆ ಬೈಲಹೊಂಗಲದಿಂದ ಸವದತ್ತಿ, ರಾಮದುರ್ಗದವರೆಗೆ ಹಬ್ಬಿದ ಎರೆಭೂಮಿಯ ಹಳ್ಳಿಗಳಲ್ಲಿ ಹಳೆಯ ವಾಡೆಗಳು ಇನ್ನೂ ನಿಂತಿವೆ. ಅಂಥದೊಂದರಲ್ಲಿ ಮಕ್ಕಳೊಡನೆ ನಾಲ್ಕು ದಿನ ಇದ್ದು ಬರಲು ಲಾಡ್ಜಿನ ಬಾಡಿಗೆ ಬೇಡ. ಒಂದು ನೆಂಟಸ್ತಿಕೆ ಇದ್ದರೆ ಸಾಕು, ಮತ್ತು ಅಷ್ಟು ನೆಂಟಸ್ತಿಕೆ ಇಲ್ಲದ ಮನೆ ನಮ್ಮ ಜಿಲ್ಲೆಯಲ್ಲಿ ಕಡಿಮೆ.

ವಾಡೆ ಎಂದರೆ ಬರೀ ದೊಡ್ಡ ಮನೆಯಲ್ಲ. ದೇಸಾಯಿ, ದೇಶಪಾಂಡೆ, ಪಾಟೀಲ ಮುಂತಾದ ವತನದಾರರಿಗೆ ಅದೇ ಮನೆ, ಅದೇ ಕಚೇರಿ, ಅದೇ ಕಣಜ. ಹೊತ್ತು ಬಂದರೆ ಅದೇ ಕೋಟೆ. ಕಳೆದ ಬೇಸಿಗೆಯಲ್ಲಿ ನಾವು ಇಳಿದುಕೊಂಡದ್ದು ಸವದತ್ತಿ ಸೀಮೆಯ ಒಂದು ಹಳ್ಳಿಯಲ್ಲಿರುವ, ನನ್ನ ಹೆಂಡತಿಯ ಸೋದರಮಾವನ ವಾಡೆಯಲ್ಲಿ. ನನ್ನ ಇಬ್ಬರು ಮಕ್ಕಳು, ತಮ್ಮನ ಮಕ್ಕಳು ಮೂವರು. ಎತ್ತಿನ ಬಂಡಿ ಹೋಗುವಷ್ಟು ದೊಡ್ಡ ಬಾಗಿಲು, ಅದರ ಹೊಟ್ಟೆಯಲ್ಲಿ ತಲೆ ಬಾಗಿಸಿಯೇ ಒಳಗೆ ಹೋಗಬೇಕಾದ ದಿಂಡಿ ಬಾಗಿಲು. ಒಳಗೆ ದನಗಳ ಗ್ವಾದಲಿ, ಎತ್ತರದ ಕಟ್ಟೆ, ಅದರಾಚೆ ತೇಗದ ಕಂಬಗಳ ಪಡಸಾಲೆ. ಹೊರಗೆ ಏಪ್ರಿಲ್ ತಿಂಗಳ ರಣಬಿಸಿಲು. ಪಡಸಾಲೆಗೆ ಕಾಲಿಟ್ಟ ಕೂಡಲೇ ತಮ್ಮನ ಕಿರಿಯ ಮಗ, “ದೊಡ್ಡಪ್ಪ, ಇಲ್ಲೆ ಎ.ಸಿ. ಐತೇನು?” ಎಂದು ಕೇಳಿದ. ಅಜ್ಜ ನಕ್ಕು ಗೋಡೆ ತಟ್ಟಿ ತೋರಿಸಿದರು.

ಆ ಗೋಡೆಯೇ ನಮ್ಮ ಮೊದಲ ಪಾಠವಾಯಿತು. ಕಲ್ಲು ಮಣ್ಣಿನಿಂದ ಕಟ್ಟಿದ, ಎರಡು ಅಡಿಗೂ ಮಿಕ್ಕಿ ದಪ್ಪದ ಗೋಡೆ. ಮಣ್ಣು ಶಾಖವನ್ನು ನಿಧಾನವಾಗಿ ಸಾಗಿಸುತ್ತದೆ, ಬಹಳಷ್ಟನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಹಗಲಿನ ಬಿಸಿಲು ಗೋಡೆಯನ್ನು ದಾಟಿ ಒಳಮೈ ಮುಟ್ಟುವ ಹೊತ್ತಿಗೆ ಹೊರಗೆ ಸೂರ್ಯ ಮುಳುಗಿ ಗಾಳಿ ತಂಪಾಗಿರುತ್ತದೆ. ನಮ್ಮ ಊರಿನ ನಾಲ್ಕೈದು ಅಂಗುಲದ ಕಾಂಕ್ರೀಟ್ ಛಾವಣಿಯ ಕಥೆ ಬೇರೆ. ಸಂಜೆಗೇ ಕಾದು, ನಾವು ಹಾಸಿಗೆ ಹಾಸುವ ಹೊತ್ತಿಗೆ ಸರಿಯಾಗಿ ನಮ್ಮ ಮೇಲೆ ಶಾಖ ಸುರಿಸತೊಡಗುತ್ತದೆ. ಮಕ್ಕಳಿಗೆ ಎರಡು ತಾಪಮಾಪಕ ಕೊಟ್ಟು, ಒಂದನ್ನು ಪಡಸಾಲೆಯಲ್ಲಿ, ಇನ್ನೊಂದನ್ನು ಅಂಗಳದ ನೆರಳಿನಲ್ಲಿ ತೂಗಹಾಕಿಸಿ, ಎರಡೆರಡು ತಾಸಿಗೊಮ್ಮೆ ಬರೆಯಲು ಹೇಳಿ. ಹೊರಗಿನ ಗೆರೆ ಗುಡ್ಡದಂತೆ ಏರಿ ಇಳಿಯುತ್ತದೆ, ಒಳಗಿನದು ಬಯಲಿನಂತೆ ಚಪ್ಪಟೆಯಾಗಿರುತ್ತದೆ. ಆಲೇಖ ಬರೆಯಲು ಒಲ್ಲೆ ಎನ್ನುವ ಹುಡುಗರೂ ಇದನ್ನು ತಾವಾಗಿಯೇ ಬರೆದರು.

ಮಾಳಿಗೆಯೂ ಮಣ್ಣಿನದೇ. ತೊಲೆ, ಜಂತಿ, ಅದರ ಮೇಲೆ ಹಲಗೆ, ಎಲ್ಲದರ ಮೇಲೆ ದಪ್ಪ ಮಣ್ಣು. ಮೇಲ್ಪದರಕ್ಕೆ ಸವಳು ಮಣ್ಣನ್ನೇ ಹುಡುಕಿ ತಂದು ಹಾಕುತ್ತಾರೆ. ಬೆಳೆಗೆ ಬಾರದ ಈ ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ತಾಗಿದೊಡನೆ ಅದರ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ಹೊಲದಲ್ಲಿ ನೀರು ಇಂಗಗೊಡದ ದೋಷವೇ ಮಾಳಿಗೆಯ ಮೇಲೆ ಗುಣ. ಆದರೆ ವರ್ಷ ವರ್ಷ ಮಳೆಗೆ ಮುಂಚೆ ಮೇಲೇರಿ ಬಿರುಕು ಮುಚ್ಚುವ ಆಳು ಬೇಕು. ಒಂದು ವರ್ಷ ಬಿಟ್ಟರೆ ತೊಲೆ ಕೊಳೆಯಲು ಶುರು. ಬುಡಕ್ಕೆ ನೀರು ನಿಂತರಂತೂ ಮಣ್ಣಿನ ಗೋಡೆಗೆ ಉಳಿಗಾಲವಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗದ ಕಡೆ ಇಂಥ ಮನೆಗಳು ಕುಸಿದದ್ದನ್ನು ನಮ್ಮ ಜನ ಮರೆತಿಲ್ಲ.

ಎರಡನೆಯ ದಿನ ಮಕ್ಕಳು ಅಂಗಳದಲ್ಲಿ ಆಡುವಾಗ ನೆಲದಲ್ಲಿ ಹುಗಿದ ಒಂದು ದುಂಡನೆಯ ಬಂಡೆ ಕಂಡಿತು. ಅದು ಹಗೇವು. ಈ ಕಾಲದ ಹುಡುಗರಿಗೆ ಈ ಶಬ್ದವೇ ಗೊತ್ತಿಲ್ಲ. ಗಟ್ಟಿ ನೆಲದಲ್ಲಿ ಹೂಜಿಯ ಆಕಾರದಲ್ಲಿ ತೋಡಿ, ಸುತ್ತ ಹೊಟ್ಟು, ಕಣಿಕೆ ಒತ್ತಿ, ಜೋಳ ತುಂಬಿ, ಬಾಯಿಗೆ ಬಂಡೆಯಿಟ್ಟು ಮಣ್ಣು ಮೆತ್ತುತ್ತಿದ್ದರು. ಬರಗಾಲಕ್ಕೆಂದು ಕೂಡಿಟ್ಟ ಜೋಳ ವರ್ಷಗಟ್ಟಲೆ ಉಳಿಯುತ್ತಿತ್ತು. ಔಷಧವಿಲ್ಲ, ಪುಡಿಯಿಲ್ಲ. ಹಾಗಾದರೆ ಹುಳು ಏಕೆ ಹಿಡಿಯಲಿಲ್ಲ?

ಕಾಳು ಸತ್ತ ವಸ್ತುವಲ್ಲ, ಅದೂ ಉಸಿರಾಡುತ್ತದೆ. ಜೊತೆಗೆ ಹೊಕ್ಕ ಹುಳುಗಳೂ ಬೂಷ್ಟೂ ಉಸಿರಾಡುತ್ತವೆ. ಬಾಯಿ ಬಿಗಿದ ಹಗೇವಿನಲ್ಲಿ ಎಲ್ಲರೂ ಸೇರಿ ಇದ್ದ ಆಮ್ಲಜನಕವನ್ನು ತೀರಿಸಿ ಇಂಗಾಲದ ಡೈಆಕ್ಸೈಡ್ ತುಂಬುತ್ತಾರೆ. ಕೊನೆಗೆ ಹುಳುಗಳು ತಾವೇ ಮಾಡಿದ ಗಾಳಿಯಲ್ಲಿ ಸಾಯುತ್ತವೆ, ಒಣಗಿದ ಕಾಳು ಉಳಿಯುತ್ತದೆ. ಇಂದು ಗಾಳಿಯಾಡದ ಚೀಲಗಳಲ್ಲಿ ಧಾನ್ಯ ಕಾಯುವುದೂ ಇದೇ ತತ್ವದ ಮೇಲೆ.

ಹುಳುವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಬಂಡೆ ತೆಗೆದ ಮಾತ್ರಕ್ಕೆ ಮೇಲೆ ಹಾರಿ ಹೋಗದೆ ತಳದಲ್ಲೇ ಕೂತಿರುತ್ತದೆ. ಅಜ್ಜ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಹೇಳಿದರು: “ಬಾಯಿ ತಗದು ಒಂದಿನಾ ಬಿಡಬೇಕು. ಆಮ್ಯಾಲ ಕಂದೀಲು ಇಳಿಬಿಟ್ಟು ನೋಡಬೇಕು. ಆರಿತಂದ್ರ ಇಳೀಬಾರದು.” ಹಿರಿಯರ ಈ ಪರೀಕ್ಷೆಗೆ ನಾನು ಒಂದು ಮಾತು ಸೇರಿಸಿದೆ. ಕಂದೀಲು ಆರಿದರೆ ಅಪಾಯ ಖಂಡಿತ. ಆರದಿದ್ದರೆ ಅಪಾಯವಿಲ್ಲ ಎಂದು ಅರ್ಥವಲ್ಲ. ದೀಪ ಉರಿಯುತ್ತಿರುವಾಗಲೇ ಮನುಷ್ಯನಿಗೆ ತಲೆ ಸುತ್ತಿ ಎಚ್ಚರ ತಪ್ಪುವಷ್ಟು ಈ ಅನಿಲ ಇರಬಹುದು. ಪಾಳುಬಾವಿಗೂ ಊರಿನ ಒಳಚರಂಡಿಯ ಗುಂಡಿಗೂ ಈ ಮಾತು ಸಲ್ಲುತ್ತದೆ. ಅಲ್ಲಿ ಬೇರೆ ವಿಷಾನಿಲಗಳೂ ಇರುತ್ತವೆ. ಒಬ್ಬ ಒಳಗೆ ಬಿದ್ದಾಗ ಅವನನ್ನು ಎತ್ತಲು ಇಳಿದ ಎರಡನೆಯವನೂ ಸಾಯುವುದು ಪತ್ರಿಕೆಯಲ್ಲಿ ಪದೇ ಪದೇ ಓದುವ ಸುದ್ದಿ. ಆದ್ದರಿಂದ ತಂದೆತಾಯಿಗಳೇ, ವಾಡೆಗೆ ಹೋದರೆ ಹಗೇವು ತೋರಿಸಿ. ಬಂಡೆ ಮಾತ್ರ ಎತ್ತಗೊಡಬೇಡಿ.

ಮೂರನೆಯ ದಿನ ಶಿರಸಂಗಿಗೆ ಹೋದೆವು. ಈ ಸೀಮೆಯ ವಾಡೆಗಳ ಮಾತು ಬಂದರೆ ಶಿರಸಂಗಿ ದೇಸಾಯರ ವಾಡೆ ಬಿಟ್ಟು ಮುಂದೆ ಹೋಗಲಾಗದು. 1861ರಲ್ಲಿ ಶಿಗ್ಲಿಯಲ್ಲಿ ಹುಟ್ಟಿ ಈ ಮನೆತನಕ್ಕೆ ದತ್ತು ಬಂದ ಲಿಂಗರಾಜರು, 1904ರಲ್ಲಿ ಧಾರವಾಡದಲ್ಲಿ ಸೇರಿದ ಮೊದಲ ವೀರಶೈವ ಮಹಾಸಭೆಯ ಅಧ್ಯಕ್ಷರಾಗಿದ್ದವರು. 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ದೇಸಗತಿಯ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರ ಬರೆದಿಟ್ಟರು. ಆ ನಿಧಿಯಿಂದ ಓದಿದವರು ಬಹಳ. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು. ಜೋಳದ ರಾಶಿ, ಹತ್ತಿಯ ಅಂಡಿಗೆ ಬಂದು ಬೀಳುತ್ತಿದ್ದ ಅಂಗಳ ಎಷ್ಟೋ ಹುಡುಗರಿಗೆ ಫೀ ಕಟ್ಟಿತು ಎಂದು ಹೇಳಿದಾಗ ನನ್ನ ಮಗಳು ಅಂಗಳದ ನಡುವೆ ಸುಮ್ಮನೆ ಸ್ವಲ್ಪ ಹೊತ್ತು ನಿಂತಳು. ಪಿಯುಸಿ ಓದುವವಳು, ಫೀ ಎಂದರೇನು ಎಂಬುದು ಅವಳಿಗೆ ಗೊತ್ತು.

ಬೈಲಹೊಂಗಲದಲ್ಲಿ ಚನ್ನಮ್ಮನ ಸಮಾಧಿಗೆ ಕೈಮುಗಿದು ಕಿತ್ತೂರಿಗೆ ಬಂದೆವು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಬಿದ್ದ ಕಥೆ ಮಕ್ಕಳಿಗೆ ಬಾಯಿಪಾಠ. ನನಗೆ ತೋರಿಸಬೇಕಾಗಿದ್ದದ್ದು ಪಾಳುಬಿದ್ದ ಅರಮನೆಯಲ್ಲಿ ಧ್ರುವ ನಕ್ಷತ್ರ ನೋಡಲೆಂದು ಇಟ್ಟದ್ದೆಂದು ಹೇಳುವ ಕೊಳವೆಯಂಥ ಕಿಂಡಿ. ಧ್ರುವ ಅಲ್ಲಾಡುವುದಿಲ್ಲ ಎನ್ನುವಷ್ಟು ಕಡಿಮೆ ಅಲ್ಲಾಡುವುದರಿಂದ ಅದಕ್ಕೆ ಒಂದೇ ಕಿಂಡಿ ಸಾಕು. ಬೇರೆ ನಕ್ಷತ್ರಕ್ಕಾದರೆ ಗೋಡೆಯನ್ನೇ ತಿರುಗಿಸಬೇಕಾದೀತು!

ಅಂದು ರಾತ್ರಿ ವಾಡೆಯ ಮಾಳಿಗೆಯ ಮೇಲೆ ಮಲಗಿದಾಗ ಕೋನಮಾಪಕಕ್ಕೆ ದಾರ, ಸಣ್ಣ ಕಲ್ಲು ಕಟ್ಟಿ ಧ್ರುವದ ಎತ್ತರ ಅಳೆದೆವು. ಬೇಸಿಗೆಯ ಸಂಜೆ ಸಪ್ತರ್ಷಿಮಂಡಲ ಉತ್ತರದಲ್ಲಿ ಎತ್ತರಕ್ಕಿರುತ್ತದೆ, ಅದರ ಮುಂದಿನ ಎರಡು ನಕ್ಷತ್ರಗಳನ್ನು ಕೂಡಿಸಿ ಗೆರೆ ಎಳೆದರೆ ಧ್ರುವ ಸಿಗುತ್ತದೆ. ಅದು ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಸುಮಾರಾಗಿ ಅಷ್ಟೇ ಆ ಊರಿನ ಅಕ್ಷಾಂಶ. ಕಿತ್ತೂರಿನಲ್ಲಿ ಹದಿನೈದೂವರೆಗೆ ತುಸು ಹೆಚ್ಚು, ರಾಮದುರ್ಗದಲ್ಲಿ ಹದಿನಾರರ ಹತ್ತಿರ. ಇಷ್ಟು ತಗ್ಗಿನಲ್ಲಿರುವ ಮಂದ ನಕ್ಷತ್ರ ಪೇಟೆಯ ದೀಪಗಳ ನಡುವೆ ಕಾಣುವುದೇ ಇಲ್ಲ. ಹಳ್ಳಿಯ ಮಾಳಿಗೆಯೇ ಬೇಕು.

ಆ ಮಾಳಿಗೆ ಇನ್ನೆಷ್ಟು ದಿನ ಇದ್ದೀತು ಎಂಬುದೇ ಪ್ರಶ್ನೆ. ವಾಡೆ ಈಗ ನಾಲ್ವರು ಅಣ್ಣತಮ್ಮಂದಿರ ಪಾಲು. ಇಬ್ಬರು ಪುಣೆಯಲ್ಲಿದ್ದಾರೆ. ಪಡಸಾಲೆಯ ನಡುವೆ ಗೋಡೆ ಎಬ್ಬಿಸುವ ಮಾತು ಒಂದೆಡೆ, ಕೆಡವಿ ಸ್ಲ್ಯಾಬು ಹಾಕಿಸುವ ಮಾತು ಇನ್ನೊಂದೆಡೆ. ನಾವಿದ್ದಾಗಲೇ ಪೇಟೆಯಿಂದ ಒಬ್ಬ ವ್ಯಾಪಾರಿ ಬಂದು ತೇಗದ ಕಂಬಗಳನ್ನು ಎಣಿಸಿ, ಗೇಣು ಹಾಕಿ ಅಳೆದು, ಚಹಾ ಕುಡಿದು ಹೋದ. ಇಂಥ ಕಂಬಗಳಿಗೆ ರಿಸಾರ್ಟಿನವರಿಂದ ಒಳ್ಳೆಯ ಬೆಲೆಯಂತೆ. ಮಾಳಿಗೆಯ ಮಣ್ಣು ಹೊರುವ ಆಳು ಸಿಗದೆ, ಸೋರುವ ಮೂಲೆಗೆ ಪ್ಲಾಸ್ಟಿಕ್ ಹಾಸಿ ಬದುಕುವ ಎಪ್ಪತ್ತು ದಾಟಿದ ಗಂಡಹೆಂಡಿರಿಗೆ ‘ಮಾರಬೇಡಿ’ ಎಂದು ಬುದ್ಧಿ ಹೇಳಲು ನನಗೆ ನಾಲಗೆ ಬರಲಿಲ್ಲ. ಪಡಸಾಲೆಯನ್ನಾದರೂ ಇದ್ದ ಹಾಗೆ ಬಿಟ್ಟು ಹಿಂದಿನ ಜಾಗದಲ್ಲಿ ಹೊಸ ಕೋಣೆ ಕಟ್ಟಿಸಬಹುದಲ್ಲ ಎಂದಷ್ಟೇ ಕೇಳಿದೆ.

“ನೋಡೂಣು ಮಾಸ್ತರ,” ಅಂದರು ಅಜ್ಜ. “ಈ ಮಳಿಗಾಲ ಒಂದು ದಾಟಲಿ.”