ದುರ್ಗೇಶನಂದಿನಿ: ಮನೆತನದ ಮಾನ ಮತ್ತು ಮುಚ್ಚಿಟ್ಟ ಗುಟ್ಟು

ಬಂಕಿಮಚಂದ್ರ ಚಟ್ಟೋಪಾಧ್ಯಾಯರ ಮೊದಲ ಬಂಗಾಳಿ ಕಾದಂಬರಿ ‘ದುರ್ಗೇಶನಂದಿನಿ’ 1865ರಲ್ಲಿ ಅಚ್ಚಾಯಿತು. ಆಗ ಅವರಿಗೆ 26 ವರ್ಷ. 1858ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಹೊರಬಂದ ಮೊದಲ ಇಬ್ಬರು ಪದವೀಧರರಲ್ಲಿ ಅವರೊಬ್ಬರು. ಡೆಪ್ಯುಟಿ ಮ್ಯಾಜಿಸ್ಟ್ರೇಟ್ ಆಗಿ ಊರೂರು ಸುತ್ತುವ ನೌಕರಿಯ ನಡುವೆಯೇ ಬರೆಯುತ್ತಿದ್ದರು. ಇದಕ್ಕೆ ಮುಂಚೆ ‘ರಾಜಮೋಹನ್ಸ್ ವೈಫ್’ ಎಂಬ ಕಥೆಯನ್ನು ಇಂಗ್ಲಿಷಿನಲ್ಲಿ ಬರೆದಿದ್ದರು. ಆಮೇಲೆ ಕಾದಂಬರಿಗೆ ತಾಯ್ನುಡಿಯನ್ನೇ ಹಿಡಿದರು. ಬಂಗಾಳಿಯಲ್ಲಿ ಕಾದಂಬರಿಯ ಯತ್ನಗಳು ಅದಾಗಲೇ ನಡೆದಿದ್ದವು. ಆದರೆ ಚರಿತ್ರೆ, ಪ್ರೇಮ, ರಹಸ್ಯ ಮೂರನ್ನೂ ಒಂದೇ ಎಳೆಯಲ್ಲಿ ಹೊಸೆದು ಓದುಗರನ್ನು ಕೊನೆಯ ಪುಟದವರೆಗೆ ಹಿಡಿದಿಟ್ಟ ಕೃತಿ ಇದು.

ಕಥೆಯ ಕಾಲ ಹದಿನಾರನೆಯ ಶತಮಾನದ ಕೊನೆ. ಒಡಿಶಾವನ್ನು ಹಿಡಿದಿದ್ದ ಪಠಾಣ ನಾಯಕ ಕತಲು ಖಾನನ ಮೇಲೆ ಅಕ್ಬರನ ಸೇನಾಪತಿ, ಅಂಬರದ ರಾಜ ಮಾನಸಿಂಹ ದಂಡೆತ್ತಿ ಬಂದಿದ್ದ. 1590ರಲ್ಲಿ ಮಾನಸಿಂಹನ ಮಗ ಜಗತ್‌ಸಿಂಹ ಪಠಾಣರ ಕೈಯಲ್ಲಿ ಸೋತ. ವಿಷ್ಣುಪುರದ ಅರಸ ಹಂಬೀರ ಅವನನ್ನು ಪಾರುಮಾಡಿ ತನ್ನ ಊರಿಗೆ ಕರೆದೊಯ್ದ. ಕೆಲವೇ ದಿನಗಳಲ್ಲಿ ಕತಲು ಖಾನ ತೀರಿಕೊಂಡ. ಅವನ ಮಂತ್ರಿ ಖ್ವಾಜಾ ಈಸಾ ಮೊಗಲರೊಡನೆ ಸಂಧಿ ಮಾಡಿಕೊಂಡ. ‘ಅಕ್ಬರ್‌ನಾಮಾ’ದಲ್ಲಿ ಸಿಗುವ ಸಂಗತಿ ಹೆಚ್ಚುಕಡಿಮೆ ಇಷ್ಟೇ. ಕಥೆ ನಡೆಯುವ ಮಾಂದಾರಣ ಗಡವೂ ನಿಜವಾದ ಸ್ಥಳವೇ. ಇಂದಿನ ಹೂಗ್ಲಿ ಜಿಲ್ಲೆಯಲ್ಲಿ ಅದರ ಅವಶೇಷಗಳಿವೆ. ಆ ಗಡದ ಒಡೆಯನ ಮನೆಯವರನ್ನು ಪಠಾಣರು ಸೆರೆಯೊಯ್ದ ಕಥೆಯನ್ನು ಬಂಕಿಮರು ಎಳವೆಯಲ್ಲಿ ಮನೆಯ ಹಿರಿಯರೊಬ್ಬರ ಬಾಯಿಂದ ಕೇಳಿದ್ದರು. ಆ ಮನೆಯ ಒಳಗನ್ನು ತುಂಬಿದ್ದು ಅವರ ಕಲ್ಪನೆ.

ಬೇಸಿಗೆಯ ಕೊನೆಯ ಒಂದು ಸಂಜೆ ಒಬ್ಬಂಟಿಯಾಗಿ ಕುದುರೆಯೇರಿ ಬರುತ್ತಿದ್ದ ಜಗತ್‌ಸಿಂಹ ಬಿರುಗಾಳಿಗೆ ಸಿಕ್ಕಿ ಶೈಲೇಶ್ವರನ ಗುಡಿಗೆ ಬರುತ್ತಾನೆ. ಕದಕ್ಕೆ ಒಳಗಿನಿಂದ ಅಗುಳಿ ಬಿದ್ದಿದೆ. ಬಲದಿಂದ ತೆರೆದು ಒಳಹೊಕ್ಕರೆ ಕತ್ತಲಲ್ಲಿ ಹೆದರಿ ನಿಂತ ಇಬ್ಬರು ಹೆಂಗಸರು: ಗಡದ ಒಡೆಯ ವೀರೇಂದ್ರಸಿಂಹನ ಮಗಳು ತಿಲೋತ್ತಮೆ, ಅವಳ ಜೊತೆಗಾತಿ ವಿಮಲೆ. ಹುಡುಗ ತನ್ನ ಹೆಸರು ಹೇಳುತ್ತಾನೆ, ಹುಡುಗಿಯ ಹೆಸರು ಹೊರಬೀಳುವುದಿಲ್ಲ. ಹದಿನೈದು ದಿನ ಕಳೆದು ಇದೇ ಗುಡಿಗೆ ಬಂದರೆ ಹೇಳುತ್ತೇನೆ ಎಂದು ವಿಮಲೆ ಗಡುವು ಹಾಕುತ್ತಾಳೆ. ಹಿಂಜರಿಕೆಗೆ ಕಾರಣವಿದೆ. ಬಂದವನು ಮಾನಸಿಂಹನ ಮಗ. ವೀರೇಂದ್ರಸಿಂಹನಿಗೋ ಮಾನಸಿಂಹನ ಹೆಸರೆತ್ತಿದರೂ ಮೈ ಉರಿಯುತ್ತದೆ. ಗಡುವಿನ ದಿನ ಹುಡುಗಿ ಯಾರೆಂದು ತಿಳಿದಾಗ ಜಗತ್‌ಸಿಂಹನಿಗೂ ಈ ಸಂಬಂಧ ಆಗದ ಮಾತೆನ್ನುವುದು ಅರಿವಾಗುತ್ತದೆ. ಒಮ್ಮೆ ಕಣ್ತುಂಬ ನೋಡಿ ಮರೆತುಬಿಡುತ್ತೇನೆ ಎಂಬ ಹಟದಲ್ಲಿ ಅವನು ವಿಮಲೆಯ ಹಿಂದೆ ಕಳ್ಳದಾರಿಯಿಂದ ಗಡದೊಳಗೆ ಹೋಗುತ್ತಾನೆ. ಅದೇ ರಾತ್ರಿ ಪಠಾಣ ಸೇನಾಪತಿ ಉಸ್ಮಾನನೂ ಒಳನುಸುಳುತ್ತಾನೆ. ಗಡ ಬೀಳುತ್ತದೆ, ರಾಜಕುಮಾರ ಗಾಯಗೊಂಡು ಸೆರೆಯಾಗುತ್ತಾನೆ, ಆಮೇಲೆ ಕತಲು ಖಾನನ ಆಜ್ಞೆಯಂತೆ ವೀರೇಂದ್ರಸಿಂಹನ ತಲೆ ಉರುಳುತ್ತದೆ. ಹಗಲಿನಲ್ಲಿ, ಹೆಬ್ಬಾಗಿಲಿನಿಂದ ಬರಲಾಗದ ಪ್ರೇಮ ಎಷ್ಟು ದುಬಾರಿಯಾಯಿತೆಂಬುದನ್ನು ಈ ಒಂದು ರಾತ್ರಿಯ ಅಧ್ಯಾಯಗಳು ಉಸಿರು ಬಿಗಿಹಿಡಿಯುವ ಹಾಗೆ ಹೇಳುತ್ತವೆ.

ವೀರೇಂದ್ರನ ಹಗೆಯ ಮೂಲವನ್ನು ಲೇಖಕರು ಬಹಳ ಹೊತ್ತು ಬಿಟ್ಟುಕೊಡುವುದಿಲ್ಲ. ಕಥೆ ಅರ್ಧ ದಾಟಿದ ಮೇಲೆ, ಸೆರೆಯಲ್ಲಿರುವ ಜಗತ್‌ಸಿಂಹನಿಗೆ ವಿಮಲೆ ಬರೆದ ಉದ್ದನೆಯ ಪತ್ರದಲ್ಲಿ ಗಂಟು ಬಿಚ್ಚಿಕೊಳ್ಳುತ್ತದೆ. ಗಡದ ಗುರು ಅಭಿರಾಮ ಸ್ವಾಮಿ ಸಂನ್ಯಾಸಕ್ಕೆ ಮುಂಚೆ ಶಶಿಶೇಖರನೆಂಬ ಬ್ರಾಹ್ಮಣ. ಶೂದ್ರ ಹೆಂಗಸಿನಲ್ಲಿ ಅವನಿಗೆ ಹುಟ್ಟಿದವಳೇ ವಿಮಲೆ. ತಿಲೋತ್ತಮೆಯ ತಾಯಿಯೂ ಅವನ ಮಗಳೇ. ವಿಮಲೆ ಮಾನಸಿಂಹನ ಅಂತಃಪುರದಲ್ಲಿದ್ದಾಗ ವೀರೇಂದ್ರ ಅವಳನ್ನು ಕದ್ದು ನೋಡಲು ಬರುತ್ತಿದ್ದ. ಸಿಕ್ಕಿಬಿದ್ದಾಗ ಮಾನಸಿಂಹ ಅವನನ್ನು ಸೆರೆಗೆ ಹಾಕಿ, ಅವಳನ್ನು ಮದುವೆಯಾದರೆ ಮಾತ್ರ ಬಿಡುಗಡೆ ಎಂದ. ಶೂದ್ರಳ ಮಗಳನ್ನು ಹೆಂಡತಿಯೆಂದು ಹೇಳಿಕೊಳ್ಳಲು ವೀರೇಂದ್ರನ ಕುಲದ ಹೆಮ್ಮೆ ಒಪ್ಪಲಿಲ್ಲ. ಮದುವೆಯ ವಿಷಯ ಯಾರಿಗೂ ತಿಳಿಯಬಾರದು, ಅವಳು ಮನೆಯಲ್ಲಿ ದಾಸಿಯಂತೆ ಇರಬೇಕು ಎಂಬ ಕರಾರಿನ ಮೇಲೆ ತಾಳಿಗೆ ಒಪ್ಪಿದ. ಅಲ್ಲಿಯವರೆಗೆ ಚೆಲ್ಲುಮಾತಿನ ಚತುರ ಪರಿಚಾರಿಕೆಯಂತೆ ಕಂಡ ವಿಮಲೆ, ವರ್ಷಗಟ್ಟಲೆ ಈ ಅವಮಾನವನ್ನು ನುಂಗಿ ಬಾಳಿದ ಹೆಂಡತಿ ಎಂದು ತಿಳಿದಾಗ ಓದುಗರು ಹಿಂದಿನ ಪುಟಗಳಿಗೆ ಮರಳಬೇಕಾಗುತ್ತದೆ. ಕಾದಂಬರಿಯ ರಹಸ್ಯವೆಲ್ಲ ಹುಟ್ಟುವುದು ಮನೆತನದ ಮಾನದಿಂದಲೇ: ಮಾನಕ್ಕೆ ಅಂಜಿ ಮುಚ್ಚಿದ್ದೇ ಇಲ್ಲಿ ಗುಟ್ಟು. ಗಂಡನ ಕೊಲೆಯ ಸೇಡನ್ನು ತೀರಿಸುವವಳೂ ವಿಮಲೆಯೇ. ಕತಲು ಖಾನನ ಹುಟ್ಟುಹಬ್ಬದ ಸಂಭ್ರಮದ ನಡುವೆ ಅವಳು ಅವನನ್ನು ಕಠಾರಿಯಿಂದ ಇರಿಯುತ್ತಾಳೆ. ಚರಿತ್ರೆಯ ಕತಲು ಖಾನ ಸತ್ತದ್ದು ಕಾಯಿಲೆಯಿಂದ. ಲೇಖಕರು ತೆಗೆದುಕೊಂಡ ಅತಿ ದೊಡ್ಡ ಸ್ವಾತಂತ್ರ್ಯ ಇದು.

ಅದೇ ಮಾನದ ಅಳತೆಗೋಲು ಜಗತ್‌ಸಿಂಹನ ಕೈಯಲ್ಲೂ ಇದೆ. ತಿಲೋತ್ತಮೆ ಕತಲು ಖಾನನ ಅಂತಃಪುರ ಸೇರಿದಳೆಂದು ಕೇಳಿದ ಕೂಡಲೇ ಅವನ ಮನಸ್ಸು ತಿರುಗುತ್ತದೆ. ಪ್ರಾಣವನ್ನು ಒತ್ತೆಯಿಟ್ಟು ಸೆರೆಮನೆಗೆ ಬಂದ ಹುಡುಗಿಯನ್ನು ಅವನು ಅಪರಿಚಿತಳಂತೆ, ವೀರೇಂದ್ರಸಿಂಹನ ಮಗಳೆಂದಷ್ಟೇ ಕರೆದು ಮಾತನಾಡಿಸುತ್ತಾನೆ. ಅವಳು ಮೂರ್ಛೆ ಹೋಗುತ್ತಾಳೆ. ನಾಯಕನ ಈ ನಡತೆಯನ್ನು ಇಂದು ಓದುವಾಗ ಮುಳ್ಳು ತಾಗಿದಂತಾಗುತ್ತದೆ. ಅವಳ ಮಾತಿಗೆ ಬೆಲೆಯಿಲ್ಲ. ಸಾಯುತ್ತಿರುವ ಶತ್ರು ಅವಳು ನಿಷ್ಕಳಂಕೆ ಎಂದ ಮೇಲೆಯೇ ರಾಜಕುಮಾರನ ಅನುಮಾನ ಕರಗುವುದು.

ಈ ಬಿಗಿಯನ್ನು ಮುರಿಯುವವಳು ಕತಲು ಖಾನನ ಮಗಳು ಆಯೇಷಾ. ಗಾಯಾಳು ಸೆರೆಯಾಳಿಗೆ ರಾತ್ರಿ ಹಗಲು ಶುಶ್ರೂಷೆ ಮಾಡಿದವಳು ಅವಳು. ಮೂರ್ಛೆಗೊಂಡ ತಿಲೋತ್ತಮೆಯನ್ನು ಮಡಿಲಿಗೆಳೆದುಕೊಂಡು ಉಪಚರಿಸುವವಳೂ ಅವಳೇ. ಆ ಹೊತ್ತಿಗೆ ಅಲ್ಲಿಗೆ ಬಂದು ಚುಚ್ಚುವ ಉಸ್ಮಾನನಿಗೆ, ತಾನು ಒಲಿದಿರುವುದು ಈ ಸೆರೆಯಾಳಿಗೆ ಎಂದು ಮುಖಕ್ಕೆ ಮುಖ ಕೊಟ್ಟು ಹೇಳುತ್ತಾಳೆ. ಉಳಿದವರೆಲ್ಲ ಮುಚ್ಚಿಡುವ ಕಥೆಯಲ್ಲಿ ಬಾಯಿ ಬಿಟ್ಟು ನಿಜ ನುಡಿಯುವವಳು ಅವಳೊಬ್ಬಳೇ. ‘ದುರ್ಗೇಶನಂದಿನಿ’, ಅಂದರೆ ಗಡದ ಒಡೆಯನ ಮಗಳು, ಎಂಬ ಹೆಸರು ತಿಲೋತ್ತಮೆಯದಾದರೂ ಓದಿದವರ ನೆನಪಿನಲ್ಲಿ ನಿಲ್ಲುವುದು ಆಯೇಷಾ. ಅವಳಿಗೆ ಪ್ರತಿಫಲವಿಲ್ಲ. ತಿಲೋತ್ತಮೆಯ ಮದುವೆಗೆ ಬಂದು ತನ್ನ ಒಡವೆಗಳನ್ನು ಮದುಮಗಳಿಗೆ ತೊಡಿಸುತ್ತಾಳೆ. ಮನೆಗೆ ಮರಳಿ, ಉಂಗುರದಲ್ಲಿದ್ದ ವಿಷವನ್ನು ಕುಡಿಯದೆ ಆ ಉಂಗುರವನ್ನೇ ಕೋಟೆಯ ಕಂದಕಕ್ಕೆ ಎಸೆಯುತ್ತಾಳೆ.

ಆಯೇಷಾಳನ್ನು ವಾಲ್ಟರ್ ಸ್ಕಾಟ್‌ನ ‘ಐವನ್‌ಹೋ’ ಕಾದಂಬರಿಯ ರೆಬೆಕ್ಕಳಿಗೆ ಹೋಲಿಸುವುದು ಮೊದಲಿನಿಂದಲೂ ನಡೆದುಬಂದಿದೆ. ‘ದುರ್ಗೇಶನಂದಿನಿ’ ಬರೆಯುವ ಮುಂಚೆ ತಾವು ಆ ಪುಸ್ತಕವನ್ನು ಓದಿರಲಿಲ್ಲ ಎಂದು ಬಂಕಿಮರು ಹೇಳುತ್ತಿದ್ದರು. ಹೋಲಿಕೆ ಹೇಗೇ ಇರಲಿ, ವಿಮಲೆಯಂಥ ಹೆಂಗಸು ಸ್ಕಾಟ್‌ನಲ್ಲಿಲ್ಲ. ಜಾತಿ ಮತ್ತು ಮದುವೆಯ ಕಟ್ಟುಗಳನ್ನು ಒಳಗಿನಿಂದ ಬಲ್ಲವರು ಮಾತ್ರ ಬರೆಯಬಲ್ಲ ಪಾತ್ರ ಅದು. 1873ರಲ್ಲಿ ಕಲ್ಕತ್ತಾದ ಬೆಂಗಾಲ್ ಥಿಯೇಟರ್ ಈ ಕಥೆಯನ್ನು ರಂಗಕ್ಕೆ ತಂದಿತು.

ಕನ್ನಡಕ್ಕೆ ಇದನ್ನು ತಂದವರು ಬಿ. ವೆಂಕಟಾಚಾರ್ಯರು. ಮೈಸೂರು ಸಂಸ್ಥಾನದ ನ್ಯಾಯಾಂಗದಲ್ಲಿ ಕೆಲಸ ಮಾಡುತ್ತ ಬಂಗಾಳಿ ಕಲಿತು, ವಿದ್ಯಾಸಾಗರರ ಮತ್ತು ಬಂಕಿಮರ ಕೃತಿಗಳನ್ನು ಒಂದಾದ ಮೇಲೊಂದರಂತೆ ಕನ್ನಡಿಸಿದವರು ಅವರು. ಕನ್ನಡದಲ್ಲಿ ಸ್ವತಂತ್ರ ಕಾದಂಬರಿ ಇನ್ನೂ ಕಣ್ಣು ಬಿಡುತ್ತಿದ್ದ ಕಾಲವದು. ಓದು ಎಂದರೆ ಕಾವ್ಯ, ಪುರಾಣ ಎಂದುಕೊಂಡಿದ್ದ ಮನೆಗಳಿಗೆ ‘ದುರ್ಗೇಶನಂದಿನಿ’ಯಂಥ ಪುಸ್ತಕಗಳು ಕಾದಂಬರಿಯ ರುಚಿ ಹತ್ತಿಸಿದವು. ಇದೇ ಬಗೆಯ ಕೆಲಸವನ್ನು ಗಳಗನಾಥರು ಉತ್ತರ ಕರ್ನಾಟಕದಲ್ಲಿ ಮರಾಠಿಯ ಹರಿ ನಾರಾಯಣ ಆಪ್ಟೆಯವರ ಐತಿಹಾಸಿಕ ಕಾದಂಬರಿಗಳ ಮೂಲಕ ಮಾಡಿದರು.