ಎಂಡ್ ಟಾಸ್ಕ್ ಒತ್ತೋ ಮುಂಚೆ

ಲ್ಯಾಪ್‌ಟಾಪ್ ಹ್ಯಾಂಗ್ ಆದರೆ ನಮ್ಮಲ್ಲಿ ಬಹಳ ಜನ ಪವರ್ ಬಟನ್ ಒತ್ತಿ ಹಿಡೀತೀವಿ. ಸ್ವಲ್ಪ ತಿಳಿದವರು ಟಾಸ್ಕ್ ಮ್ಯಾನೇಜರ್ ತೆಗೆದು, ಕಣ್ಣಿಗೆ ಕಂಡಿದ್ದಕ್ಕೆಲ್ಲ ಎಂಡ್ ಟಾಸ್ಕ್ ಕೊಡ್ತೀವಿ. ಎರಡರಲ್ಲೂ ಸೇವ್ ಮಾಡದ ರಿಪೋರ್ಟ್ ಹೋಗಿಬಿಡಬಹುದು. ಸಬ್‌ಮಿಷನ್ ಹಿಂದಿನ ರಾತ್ರಿ ಅದು ಸಣ್ಣ ವಿಷಯ ಅಲ್ಲ. ಮೊದಲು ನೋಡೋಣ, ಆಮೇಲೆ ಕೇಳೋಣ, ಕೊಲ್ಲೋದು ಕೊನೆಗೆ ಇರಲಿ.

ಓಡ್ತಾ ಇರೋ ಪ್ರೋಗ್ರಾಂ ಅಂದ್ರೆ ಪ್ರೊಸೆಸ್. ಪ್ರತಿಯೊಂದಕ್ಕೂ ಪಿಐಡಿ ಅನ್ನೋ ನಂಬರ್ ಇರುತ್ತೆ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತೆ. ಡೇವ್ ಪ್ಲಮ್ಮರ್ ಬರೆದ ಈ ಪ್ರೋಗ್ರಾಂ 1996ರ ವಿಂಡೋಸ್ ಎನ್‌ಟಿ 4.0ರಿಂದಲೂ ಇದೆ. ಲಿನಕ್ಸ್‌ನಲ್ಲಾದರೆ ಟರ್ಮಿನಲ್‌ನಲ್ಲಿ 'ಟಾಪ್' ಅಂತ ಟೈಪ್ ಮಾಡಿದರೆ ಸಾಕು.

ಯಾವ ಕಾಲಂ ತುಂಬಿದೆ ಅಂತ ನೋಡಿ. ಸಿಪಿಯು ಮಾತ್ರ ಮೇಲಿದ್ದರೆ ಯಾವುದೋ ಪ್ರೋಗ್ರಾಂ ಜೋರಾಗಿ ಲೆಕ್ಕ ಮಾಡ್ತಿದೆ, ಇಲ್ಲವೇ ಲೂಪ್‌ನಲ್ಲಿ ಸಿಕ್ಕಿಕೊಂಡಿದೆ. ಮೆಮೊರಿ ತುಂಬಿದ್ದರೆ ಕಥೆ ಬೇರೆ. ರ್‍ಯಾಮ್‌ನಲ್ಲಿ ಜಾಗ ಸಾಲದೆ ಸಿಸ್ಟಮ್ ಪೇಜ್‌ಗಳನ್ನು ಡಿಸ್ಕ್‌ಗೆ ಸಾಗಿಸೋಕೆ ಶುರು ಮಾಡುತ್ತೆ. ಡಿಸ್ಕ್ ರ್‍ಯಾಮ್‌ಗಿಂತ ತುಂಬಾ ನಿಧಾನ, ಹಾಗಾಗಿ ಮೌಸ್ ಕೂಡ ತೆವಳುತ್ತೆ. ಆಗ ಬ್ರೌಸರ್‌ನ ಹತ್ತು ಟ್ಯಾಬ್ ಮುಚ್ಚಿದರೂ ಉಸಿರಾಡೋಕೆ ಜಾಗ ಸಿಗುತ್ತೆ.

'ಸಿಸ್ಟಮ್ ಐಡಲ್ ಪ್ರೊಸೆಸ್' 95 ತೋರಿಸಿದರೆ ಗಾಬರಿ ಬೇಡ. ಸಿಪಿಯು ಅಷ್ಟು ಖಾಲಿ ಕೂತಿದೆ ಅಂತ ಅರ್ಥ.

ಈಗ ನಿಲ್ಲಿಸೋ ವಿಷಯ. ಲಿನಕ್ಸ್‌ನಲ್ಲಿ 'ಕಿಲ್' ಅಂತ ಬರೆದು ಪಿಐಡಿ ಕೊಟ್ಟರೆ ಹೋಗೋದು 15ನೇ ಸಿಗ್ನಲ್, ಸಿಗ್‌ಟರ್ಮ್. ಇದು ಒಂದು ವಿನಂತಿ. ಪ್ರೋಗ್ರಾಂ ಅದನ್ನು ಹಿಡಿದು, ಫೈಲ್ ಸೇವ್ ಮಾಡಿ, ತನ್ನ ಕಸ ಗುಡಿಸಿ ಹೊರಡಬಹುದು. 9ನೇ ಸಿಗ್ನಲ್ ಸಿಗ್‌ಕಿಲ್ ಹಾಗಲ್ಲ. ಅದನ್ನು ಪ್ರೋಗ್ರಾಂ ಹಿಡಿಯೋಕೂ ಆಗಲ್ಲ, ತಡೆಯೋಕೂ ಆಗಲ್ಲ. ಕರ್ನಲ್ಲೇ ಅದನ್ನು ಮುಗಿಸುತ್ತೆ. ಅರ್ಧ ಬರೆದ ಫೈಲ್ ಅರ್ಧಕ್ಕೇ ಉಳಿಯುತ್ತೆ. ವಿಂಡೋಸ್‌ನ ಡೀಟೇಲ್ಸ್ ಟ್ಯಾಬ್‌ನಲ್ಲಿರೋ ಎಂಡ್ ಟಾಸ್ಕ್ ಕೂಡ ಇದೇ ಜಾತಿ. ಆದ್ದರಿಂದ ಮೊದಲು ಕಿಟಕಿಯ ಮೂಲೆಯ ಗುಣಾಕಾರ ಚಿಹ್ನೆ ಒತ್ತಿ, ಅರ್ಧ ನಿಮಿಷ ಕಾಯಿರಿ.

9 ಕೊಟ್ಟರೂ ಪಟ್ಟಿಯಿಂದ ಹೋಗದ ಪ್ರೊಸೆಸ್ ಇರುತ್ತೆ. ಟಾಪ್‌ನ ಸ್ಟೇಟಸ್ ಕಾಲಂನಲ್ಲಿ 'ಝಡ್' ಇದ್ದರೆ ಅದು ಝಾಂಬಿ. ಆಗಲೇ ಸತ್ತಿದೆ, ಪೇರೆಂಟ್ ಪ್ರೊಸೆಸ್ 'ವೇಟ್' ಕರೆದು ಲೆಕ್ಕ ಚುಕ್ತಾ ಮಾಡದ ಕಾರಣ ಹೆಸರು ಮಾತ್ರ ಉಳಿದಿದೆ. ಸತ್ತದ್ದನ್ನು ಮತ್ತೆ ಕೊಲ್ಲೋದು ಹೇಗೆ? ವೈವಾದಲ್ಲಿ ಕೇಳಿದರೆ ನೆನಪಿರಲಿ.

ಗುರುತಿಲ್ಲದ ಹೆಸರಿನ ಮೇಲೆ ಕೈ ಹಾಕಬೇಡಿ. ವಿಂಡೋಸ್‌ನಲ್ಲಿ 'ಸಿಎಸ್‌ಆರ್‌ಎಸ್‌ಎಸ್' ನಿಂತರೆ ಇಡೀ ಸಿಸ್ಟಮ್ ನೀಲಿ ಪರದೆ ತೋರಿಸಿ ಬಿದ್ದುಹೋಗುತ್ತೆ.

ಇದನ್ನೆಲ್ಲ ಕಣ್ಣಾರೆ ನೋಡ್ಬೇಕಾ? ತೆರೆದಿರೋ ಫೈಲ್‌ಗಳನ್ನೆಲ್ಲ ಸೇವ್ ಮಾಡಿ, ಸಿ ಭಾಷೆಯಲ್ಲಿ ಕೊನೆಯಿಲ್ಲದ ಒಂದು ಖಾಲಿ ವೈಲ್ ಲೂಪ್ ಬರೆದು ಓಡಿಸಿ. ಟಾಪ್‌ನಲ್ಲಿ ಅದು ಹತ್ತಿರ ಹತ್ತಿರ 100 ಪರ್ಸೆಂಟ್ ತೋರಿಸುತ್ತೆ, ಏಕೆಂದರೆ ಅಲ್ಲಿ 100 ಅಂದ್ರೆ ಒಂದು ಕೋರ್. ಟಾಸ್ಕ್ ಮ್ಯಾನೇಜರ್ ಎಲ್ಲಾ ಕೋರ್ ಸೇರಿಸಿ 100 ಅನ್ನುತ್ತೆ, ಹಾಗಾಗಿ 8 ಲಾಜಿಕಲ್ ಪ್ರೊಸೆಸರ್ ಇರೋ ಮೆಷಿನ್‌ನಲ್ಲಿ ಅದೇ ಲೂಪ್ ಸುಮಾರು 12.5. ಆಮೇಲೆ 15 ಕೊಟ್ಟು ಮರ್ಯಾದೆಯಿಂದ ಕಳಿಸಿಕೊಡಿ.